ಬಿಪಿ ಇರುವವರು ನಿದ್ದೆಗೆ ಮೆಲಟೋನಿನ್ (ನಿದ್ದೆಯ ಹಾರ್ಮೋನ್) ತಗೊಳ್ಳಬಹುದಾ? ಯಾವ ಬ್ರ್ಯಾಂಡ್ ಒಳ್ಳೆಯದು?

ಬ್ರ್ಯಾಂಡ್ ವಿಷಯ ಆಮೇಲೆ. ನೀವು ನುಂಗುತ್ತಿರುವ ಬಿಪಿ ಮಾತ್ರೆ ಯಾವುದು? ಅದನ್ನೇ ಬರೆದಿಲ್ಲ ನೀವು.

ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಶಿಫ್ಟ್ ಮಾಡುತ್ತಿದ್ದೆ. ಕ್ಯಾಬ್ ಮನೆಗೆ ಬಿಡುವ ಹೊತ್ತಿಗೆ ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತಿತ್ತು. ನಿದ್ದೆ ಎಲ್ಲಿಂದ ಬರಬೇಕು? ಬಿಪಿಗೆ ಆಗಲೇ ನಿಫೆಡಿಪಿನ್ ಶುರುವಾಗಿತ್ತು. ಟೀಮಿನವರು ತಿನ್ನುತ್ತಾರೆ ಅಂತ ನಾನೂ 5 ಮಿಲಿಗ್ರಾಂ ಮೆಲಟೋನಿನ್ ಗಮ್ಮಿ ತರಿಸಿದೆ, ಮಿಠಾಯಿ ಥರ ಅಗಿಯುವಂಥದ್ದು. ನಿದ್ದೆ ಬಂತು, ಸುಳ್ಳು ಹೇಳಲ್ಲ. ಬಿಪಿಯೂ ಏರಿತು.

"ಬೇರೆ ಏನಾದ್ರೂ ಔಷಧಿ ತಗೊಳ್ತೀರಾ?" ಅಂತ ಡಾಕ್ಟರ್ ಕೇಳಿಯೇ ಕೇಳಿದರು. ಇಲ್ಲ ಅಂದೆ. ಮುಚ್ಚಿಡೋಣ ಅಂತಲ್ಲ. ಔಷಧಿ ಅಂದರೆ ಮೆಡಿಕಲ್ ಶಾಪಿನವನು ಸ್ಟ್ರಿಪ್ ಕತ್ತರಿಸಿ ಕೊಡುವುದು ಅಂತ ನನ್ನ ತಲೆಯಲ್ಲಿತ್ತು. ಇದು ಸ್ಟ್ರಾಬೆರಿ ರುಚಿಯದು, ಚೀಟಿ ಇಲ್ಲದೆ ಮನೆಗೇ ಬರುತ್ತೆ, ಡಬ್ಬಿ ಮೇಲೆ ಸಪ್ಲಿಮೆಂಟ್ ಅಂತ ಇದೆ. ಪ್ರೋಟೀನ್ ಪುಡಿಯ ಹೆಸರು ಡಾಕ್ಟರಿಗೆ ಯಾರು ಹೇಳ್ತಾರೆ? ಹಾಗೇ ಇದೂ. ಅವರು ನನ್ನ ಮಾತು ನಂಬಿ ಎರಡನೇ ಬಿಪಿ ಮಾತ್ರೆ ಸೇರಿಸಿದರು. ಸ್ವಲ್ಪ ದಿನಕ್ಕೆ ಗಮ್ಮಿ ಖಾಲಿ, ಮತ್ತೆ ತರಿಸಲಿಲ್ಲ. ಈಗ ಬಿಪಿ ಏರಿಸುವುದು ಹೋಯಿತು, ಇಳಿಸುವ ಮಾತ್ರೆ ಮಾತ್ರ ಎರಡು. ಬನಶಂಕರಿ ಮೆಟ್ರೋ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ. ಮೊಣಕೈ ಮುರಿಯಿತು. ಗಮ್ಮಿ ಸುದ್ದಿ ಹೊರಬಿದ್ದದ್ದು ಆಮೇಲೆ.

2000ದಲ್ಲೇ ಇಟಲಿಯ ವೈದ್ಯರು ಇದನ್ನು ಬರೆದಿದ್ದರಂತೆ. ನಿಫೆಡಿಪಿನ್ ತಗೊಳ್ಳುವವರಿಗೆ ರಾತ್ರಿ 5 ಮಿಲಿಗ್ರಾಂ ಮೆಲಟೋನಿನ್ ಕೊಟ್ಟಾಗ ಮೇಲಿನ ಬಿಪಿ ಸರಾಸರಿ 6.5, ಕೆಳಗಿನದು 4.9 ಏರಿತ್ತು. ಹಾಗಂತ ಎಲ್ಲರಿಗೂ ಏರುತ್ತೆ ಅಂತಲ್ಲ. ನಿಧಾನವಾಗಿ ಕರಗುವ ಮೆಲಟೋನಿನ್ ಕೆಲವರಲ್ಲಿ ರಾತ್ರಿ ಬಿಪಿಯನ್ನು ಇಳಿಸಿದ್ದೂ ಇದೆ.

ನಿಮ್ಮ ಬಿಪಿ ಮಾತ್ರೆ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಆಗಿದ್ದರೆ ಕಥೆಯೇ ಬೇರೆ. ಮಿದುಳು ತಾನೇ ತಯಾರಿಸುವ ಮೆಲಟೋನಿನ್ ಅನ್ನು ಅವು ಕಡಿಮೆ ಮಾಡುತ್ತವೆ. ನಿದ್ದೆ ಕೆಡಿಸುತ್ತಿರುವುದು ಆ ಮಾತ್ರೆಯೇ ಇರಬಹುದು. ಅಂಗಡಿ ಹುಡುಕುವ ಮೊದಲು ಇದನ್ನು ಡಾಕ್ಟರಿಗೆ ಕೇಳಿ. ನೀವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ.

ಇನ್ನು ಬ್ರ್ಯಾಂಡ್. ಕೆನಡಾದಲ್ಲಿ 31 ಮೆಲಟೋನಿನ್ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಲೇಬಲ್ಲಿಗಿಂತ ಶೇ 83 ಕಡಿಮೆ ಇದ್ದದ್ದೂ ಸಿಕ್ಕಿತು, ಶೇ 478 ಜಾಸ್ತಿ ಇದ್ದದ್ದೂ ಸಿಕ್ಕಿತು. ಯಾವುದನ್ನು ಅಂತ ಹೇಳಲಿ? ಡಾಕ್ಟರ್ ಸರಿ ಅಂದರೆ ಅವರು ಬರೆದುಕೊಟ್ಟದ್ದನ್ನೇ ತಗೊಳ್ಳಿ. ಶುರು ಮಾಡುವುದಕ್ಕೆ ಮುಂಚಿನ ವಾರ, ಶುರು ಮಾಡಿದ ಮೇಲಿನ ವಾರ, ಎರಡೂ ಸಲ ಮನೆಯಲ್ಲೇ ಬಿಪಿ ನೋಡಿ ಬರೆದಿಡಿ. ಆ ಚೀಟಿಯ ಜೊತೆ ಮೆಲಟೋನಿನ್ ಡಬ್ಬಿಯನ್ನೂ ಕ್ಲಿನಿಕ್ಕಿಗೆ ತಗೊಂಡು ಹೋಗಿ.