ಹಸುವಿನ ಸರ್ರಾ ನಮಗೂ ಬರುತ್ತಾ?

ಆಲೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಹಸು ಜ್ವರ ಬಂದು ಮೇವು ಬಿಟ್ಟಿತ್ತು. ಡಾಕ್ಟ್ರು ರಕ್ತ ನೋಡಿ ಸರ್ರಾ ಅಂದರು. ಆಫ್ರಿಕಾದ ನಿದ್ರೆ ರೋಗದ ಜಾತಿಯದೇ ಅಂತೆ. ಇದನ್ನು ಹರಡುವ ನೊಣ ಕೊಟ್ಟಿಗೆಯಲ್ಲಿ ನನಗೂ ಕಚ್ಚುತ್ತದೆ. ನಮಗೂ ಬರುತ್ತಾ?"

ಅಮ್ಮ, ಬರುವುದು ತೀರಾ ಅಪರೂಪ. ನಿಮ್ಮ ರಕ್ತದಲ್ಲೇ ಒಂದು ಕಾವಲಿದೆ. ಒಳ್ಳೆ ಕೊಲೆಸ್ಟ್ರಾಲ್ ಅಂತೀವಲ್ಲ, ಅದರ ಜೊತೆ ಎಪಿಒಎಲ್1 ಎಂಬ ಪ್ರೋಟೀನ್ ಓಡಾಡುತ್ತಿರುತ್ತದೆ. ಸರ್ರಾದ ರೋಗಾಣು ಅದನ್ನು ಆಹಾರದ ಜೊತೆ ನುಂಗುತ್ತದೆ. ಒಳಗೆ ಹೋದ ಪ್ರೋಟೀನ್ ಅದರ ಪೊರೆಗೆ ತೂತು ಮಾಡುತ್ತದೆ. ರೋಗಾಣು ಊದಿಕೊಂಡು ಸಾಯುತ್ತದೆ. ದನ, ಕುದುರೆ, ನಾಯಿಗೆ ಈ ಕಾವಲಿಲ್ಲ.

ಹಾಗಂತ ಸುಮ್ನೆ ಧೈರ್ಯ ಹೇಳುತ್ತಿಲ್ಲ. 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರೈತರೊಬ್ಬರಿಗೆ ಸರ್ರಾ ಬಂದಿತ್ತು. ಆಮೇಲೆ ನೋಡಿದರೆ, ಈ ಪ್ರೋಟೀನ್ ತಯಾರಿಸುವ ಜೀನ್, ಅಪ್ಪ ಅಮ್ಮ ಇಬ್ಬರ ಕಡೆಯಿಂದ ಬಂದದ್ದು, ಎರಡೂ ಕೆಟ್ಟಿತ್ತು. ಪ್ರೋಟೀನ್ ಇರಲೇ ಇಲ್ಲ! ಸುರಮಿನ್ ಔಷಧಿ ಕೊಟ್ಟು ಗುಣಪಡಿಸಿದರು.

ಆಫ್ರಿಕಾದ ನಿದ್ರೆ ರೋಗ ಬೇರೆಯದೇ ಕಥೆ. ಅದನ್ನು ಹರಡುವ ತ್ಸೆತ್ಸೆ ನೊಣ ನಮ್ಮಲ್ಲಿಲ್ಲ. ಆ ರೋಗಾಣುಗಳು ಮನುಷ್ಯನ ಈ ಕಾವಲನ್ನೇ ದಾಟಲು ಕಲಿತಿವೆ. ಪೂರ್ವ ಆಫ್ರಿಕಾದ್ದು ನಮ್ಮ ಪ್ರೋಟೀನನ್ನು ಹಿಡಿದು ಕಟ್ಟಿಹಾಕಲೆಂದೇ ಇನ್ನೊಂದು ಪ್ರೋಟೀನ್ ತಯಾರಿಸುತ್ತದೆ. ಆಗ ದೇಹಕ್ಕೆ ಉಳಿಯುವ ಆಯುಧ ಪ್ರತಿಕಾಯ, ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ಕೊಲ್ಲಿಸಲು ದೇಹವೇ ತಯಾರಿಸುವ ಪ್ರೋಟೀನ್.

ನನ್ನ ಮನಸ್ಸು ಕಲಕಿದ್ದು ಇಲ್ಲೇ. ಪ್ರತಿ ರೋಗಾಣುವಿನ ಮೈಮೇಲೆ ಒಂದೇ ಪ್ರೋಟೀನಿನ ಸುಮಾರು 1 ಕೋಟಿ ಪ್ರತಿಗಳ ಒತ್ತಾದ ಅಂಗಿ. ದೇಹ ಆ ಅಂಗಿಯ ಗುರುತು ಹಿಡಿದು ಪ್ರತಿಕಾಯ ತಯಾರಿಸುತ್ತದೆ. ಹೆಚ್ಚಿನವು ಸಾಯುತ್ತವೆ, ಜ್ವರ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಕೆಲವು ಅಂಗಿ ಬದಲಿಸಿರುತ್ತವೆ. ಅವೇ ಹೆಚ್ಚಿ, ಮತ್ತೆ ಜ್ವರ. ಅಂಗಿಯ ಜೀನ್‌ಗಳೇ 2000ಕ್ಕೂ ಜಾಸ್ತಿ. ಅದರಲ್ಲಿ ಬಹಳಷ್ಟು ಅರೆಬರೆ, ಆದರೂ ತುಂಡು ಜೋಡಿಸಿ ಹೊಸದನ್ನು ಹೊಲಿದುಕೊಳ್ಳುತ್ತವೆ. ದೇಹ ಮಾತ್ರ ಪ್ರತಿ ಸಲ ಮೊದಲಿನಿಂದ ಶುರುಮಾಡಬೇಕು. ಐಜಿಎಂ ಎಂಬ ಪ್ರತಿಕಾಯ ರಕ್ತದಲ್ಲಿ ವಿಪರೀತ ಏರುತ್ತದೆ, ಕತ್ತಿನ ಹಿಂದಿನ ಗ್ರಂಥಿ ಊದುತ್ತದೆ. ಕೊನೆಗೆ ರೋಗಾಣು ಮೆದುಳಿಗೆ ಹೋಗುತ್ತದೆ. ಹಗಲೆಲ್ಲ ತೂಕಡಿಕೆ, ರಾತ್ರಿ ನಿದ್ದೆಯಿಲ್ಲ. ಲಸಿಕೆ ಇನ್ನೂ ಸಿಗದಿರುವುದು ಈ ಅಂಗಿಯಿಂದಲೇ. ಸಮಾಧಾನದ ವಿಷಯವೆಂದರೆ ಔಷಧಿ ಇದೆ. 2018ರಿಂದೀಚೆಗೆ ನುಂಗುವ ಮಾತ್ರೆಯೂ ಇದೆ.

ನಿಮ್ಮ ಹಸುವಿನ ಚಿಕಿತ್ಸೆಯನ್ನು ಡಾಕ್ಟ್ರು ಹೇಳಿದ ಹಾಗೆ ಪೂರ್ತಿ ಮಾಡಿಸಿ. ಸಂಜೆ ಕೊಟ್ಟಿಗೆಗೆ ಹೊಗೆ ಹಾಕಿ, ಗಂಜಲ ನಿಲ್ಲದಂತೆ ನೋಡಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಬಿಟ್ಟು ಬಿಟ್ಟು ಜ್ವರ ಬಂದರೆ, ಹಸುವಿಗೆ ಸರ್ರಾ ಆಗಿತ್ತು ಅನ್ನೋದನ್ನು ಡಾಕ್ಟ್ರಿಗೆ ಮೊದಲೇ ಹೇಳಿಬಿಡಿ.

– ಸಂಪಾದಕ