ಮೈಮೇಲೆ ಬೀಳ್ತಾನೆ ಅನ್ನೋ ದೂರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ಇವನು ಎಲ್ಲರ ಮೈಮೇಲೆ ಬೀಳ್ತಾನಂತೆ ಮೇಡಂ, ಸ್ಕೂಲಿಂದ ದಿನಾ ದೂರು." ನನ್ನ ಹತ್ತಿರ ಸಲಹೆಗೆ ಬಂದ, ಹಾಸನದಲ್ಲಿ ಮೂರನೇ ಕ್ಲಾಸು ಓದುವ ಹುಡುಗನ ತಾಯಿ ಹೇಳಿದ್ದು ಇಷ್ಟೇ, ಕಣ್ಣು ತುಂಬಿಕೊಂಡಿತು. ಹುಡುಗನನ್ನು ಇಲ್ಲಿ ಚಿನ್ನು ಅನ್ನೋಣ. ಮಾತಾಡುವಾಗ ಮುಖಕ್ಕೆ ಮುಖ ತಾಗಿಸುತ್ತಾನೆ. ಹೆಗಲ ಮೇಲೆ ಹಾಕಿದ ಕೈ ತೆಗೆಯುವುದಿಲ್ಲ. ಪಕ್ಕದಲ್ಲಿ ಕೂರುವ ಹುಡುಗಿ ಒಂದು ದಿನ ತಡೆಯಲಾರದೆ ತಳ್ಳಿಬಿಟ್ಟಳು, ಇವನ ಮೊಣಕೈ ತರಚಿತು. ಈಗ ಯಾರೂ ಆಟಕ್ಕೆ ಸೇರಿಸಿಕೊಳ್ಳುತ್ತಿಲ್ಲ.

ಚಿನ್ನು ಬೆಳೆದದ್ದು ಸಕಲೇಶಪುರದ ಕಡೆ, ತೋಟದ ಮನೆಯಲ್ಲಿ. ಅಜ್ಜಿ, ಚಿಕ್ಕಮ್ಮ, ಅತ್ತೆ, ಯಾರಾದರೊಬ್ಬರ ತೊಡೆಯ ಮೇಲೇ ಇರುತ್ತಿದ್ದ ಮಗು. ಅದರಲ್ಲಿ ತಪ್ಪೇನಿಲ್ಲ, ಅಂಥ ಪ್ರೀತಿ ಎಷ್ಟು ಮಕ್ಕಳಿಗೆ ಸಿಗುತ್ತದೆ ಹೇಳಿ. ಬೆಳವಣಿಗೆಯ ತೊಂದರೆ ಏನಾದರೂ ಇದೆಯಾ ಅಂತ ಮಕ್ಕಳ ಡಾಕ್ಟರ್ ಹತ್ತಿರ ಮೊದಲೇ ನೋಡಿಸಿದ್ದರು, ಇರಲಿಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಎದುರಿನವರ ಮುಖ ಓದುವುದೇ ಕಷ್ಟ, ಅವರಿಗೆ ಬೇರೆ ರೀತಿ ಕಲಿಸಬೇಕಾಗುತ್ತದೆ.

ನನಗೆ ವಿಷಯ ಅರ್ಥವಾದದ್ದು ಅವನ ಮಾವ ಒಳಗೆ ಬಂದಾಗ. ಕಾರು ನಿಲ್ಲಿಸಿ ಬಂದವರು ನೇರ ಚಿನ್ನುವಿನ ಕೆನ್ನೆ ಹಿಂಡಿ, "ಎಲ್ಲಿ, ಒಂದು ಮುತ್ತು ಕೊಡು" ಅಂದರು. ಚಿನ್ನು ಮುಖ ಆಚೆ ತಿರುಗಿಸಿದ. ಹೆಗಲು ಕಿವಿಯವರೆಗೆ ಏರಿತು. ಎಲ್ಲರೂ ನಕ್ಕರು. ಮಾವ ಎಳೆದುಕೊಂಡು ಮುತ್ತು ತಗೊಂಡೇ ಬಿಟ್ಟರು.

ಮಗುವಿನ ಮೈ ಬೇಡ ಅಂತ ಎಷ್ಟು ಸ್ಪಷ್ಟವಾಗಿ ಹೇಳಿತ್ತು! ದೊಡ್ಡವರು ಅದನ್ನು ಲೆಕ್ಕಕ್ಕೇ ಹಿಡಿಯದಿದ್ದರೆ, ಕ್ಲಾಸಿನ ಹುಡುಗಿ ಮುಖ ತಿರುಗಿಸಿದ್ದನ್ನು ಅವನು ಯಾಕೆ ಲೆಕ್ಕಕ್ಕೆ ಹಿಡೀಬೇಕು? ಅಪ್ಪ ಅಮ್ಮನಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಇನ್ನು ಮುಂದೆ ಯಾರಿಗೂ ಬಲವಂತದ ಮುತ್ತು, ಬಲವಂತದ ಅಪ್ಪುಗೆ ಬೇಡ. ನಮಸ್ಕಾರ ಮಾಡ್ತಾನಾ, ಕೈ ಕುಲುಕ್ತಾನಾ, ಅವನೇ ಆರಿಸಲಿ. ಇದು ಮಗುವಿನ ಸುರಕ್ಷತೆಯ ಮಾತೂ ಹೌದು. ಮನೆಯವರಿಗೇ ಬೇಡ ಅನ್ನಲು ಬಿಡದಿದ್ದರೆ, ಮಗು ಕೆಟ್ಟ ಉದ್ದೇಶದಿಂದ ಮುಟ್ಟುವವರಿಗೆ ಬೇಡ ಅನ್ನುವುದು ಹೇಗೆ?

"ಎಷ್ಟು ಅಡಿ ದೂರ ನಿಲ್ಲಬೇಕು ಅಂತ ಹೇಳಿಬಿಡಿ" ಅಂದರು ಅಪ್ಪ. ಎಡ್ವರ್ಡ್ ಹಾಲ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞ 1960ರ ದಶಕದಲ್ಲಿ ಇಂಥ ಅಳತೆ ಕೊಟ್ಟಿದ್ದರು. ಒಂದೂವರೆ ಅಡಿಯೊಳಗೆ ತೀರಾ ಹತ್ತಿರದವರು, ಅಲ್ಲಿಂದ ನಾಲ್ಕು ಅಡಿಯವರೆಗೆ ಗೆಳೆಯರು, ಪರಿಚಿತರು. ಈ ಅಳತೆ ನಾಡಿನಿಂದ ನಾಡಿಗೆ ಬದಲಾಗುತ್ತದೆ ಅಂತಲೂ ಅವರೇ ಹೇಳಿದ್ದಾರೆ. ಹಾಸನಾಂಬೆ ದರ್ಶನದ ಕ್ಯೂನಲ್ಲಿ ನಾಲ್ಕು ಅಡಿ ಬಿಟ್ಟು ನಿಲ್ಲೋಕೆ ಆಗುತ್ತಾ? ಚಿನ್ನು ನೋಡಬೇಕಾದದ್ದು ಎದುರಿನವರ ಮೈಯನ್ನು.

ಅದಕ್ಕೆ ಸ್ಟಾಪ್ ಆಟ ಆಡಿಸಿದೆ. ಅಮ್ಮ ನಿಂತಿರಬೇಕು, ಚಿನ್ನು ನಿಧಾನ ನಡೆದು ಬರಬೇಕು, ಅಮ್ಮ ಕೈ ಎತ್ತಿದ ತಕ್ಷಣ ನಿಲ್ಲಬೇಕು. ಇದು ಸಲೀಸಾಗಿ ಬಂತು. ಆಮೇಲೆ ಅಮ್ಮ ಕೈ ಎತ್ತುವುದಿಲ್ಲ. ಒಂದು ಕಾಲು ಹಿಂದಿಡುತ್ತಾರೆ, ತುಟಿ ಬಿಗಿ ಮಾಡುತ್ತಾರೆ, ಭುಜ ಓರೆ ಮಾಡುತ್ತಾರೆ. ತುಟಿ ಚಿನ್ನುವಿಗೆ ಕಂಡಿತು, ಕಾಲು ಕಾಣಲಿಲ್ಲ. ಎರಡನೇ ಸಲ "ಓ, ಕಾಲು!" ಅಂತ ಕೂಗಿ ನಿಂತ. ನಂತರ ಅದಲು ಬದಲು. ಅಪ್ಪ ನಡೆದು ಬಂದರು, ಮೂಗಿನ ಹತ್ತಿರ ಬಂದರೂ ಚಿನ್ನು ಕೈ ಎತ್ತಲಿಲ್ಲ. ನಿಲ್ಲಿಸಬಹುದು ಅಂತ ಅವನಿಗೆ ಹೊಳೆದೇ ಇರಲಿಲ್ಲ! "ಸಾಕು ಅನಿಸಿದಾಗ ಎತ್ತು" ಅಂದೆ. ಮುಂದಿನ ಸಲ ಅಪ್ಪ ಎರಡು ಹೆಜ್ಜೆ ಇಡುವಷ್ಟರಲ್ಲೇ ಕೈ ಮೇಲೆ. ಅಪ್ಪ ನಿಂತರು. ಅವನ ಖುಷಿ ನೋಡಬೇಕಿತ್ತು, ಮತ್ತೆ ಮತ್ತೆ ಆಡಿಸಿದ.

ಮನೆಗೆ ಕೊಟ್ಟ ಕೆಲಸ: ಸಂಜೆ ಮಹಾರಾಜ ಪಾರ್ಕಿನಲ್ಲಿ ಕೂತು, ಬೆರಳು ತೋರಿಸದೆ ಜನರನ್ನು ನೋಡುವುದು. ಯಾರಿಗೆ ಮಾತು ಸಾಕಾಗಿದೆ, ಯಾರ ಪಾದ ಆಗಲೇ ಗೇಟಿನ ಕಡೆ ತಿರುಗಿದೆ. ಊಹೆಗೆ "ಇರಬಹುದು" ಸೇರಿಸಲೇಬೇಕು, ಕೈ ಕಟ್ಟಿಕೊಂಡವರಿಗೆ ಸುಮ್ನೆ ಚಳಿಯೂ ಆಗಿರಬಹುದು ಅಲ್ವಾ? ಗೊತ್ತಾಗದಿದ್ದರೆ "ಪಕ್ಕ ಕೂರ್ಲಾ?" ಅಂತ ಕೇಳಲಿ. ಬೇಡ ಅಂದರೆ ಸರಿ ಅನ್ನಲಿ, ಯಾಕೆ ಅಂತ ಪೀಡಿಸುವುದು ಬೇಡ.

ಅಜ್ಜಿ ಫೋನಿನಲ್ಲಿ "ಕಂಡಕಂಡವರನ್ನು ಮುಟ್ಟಬೇಡ ಅಂತ ನಾನೂ ಹೇಳ್ತಿದ್ದೆ" ಅಂದರಂತೆ. ಇಲ್ಲಿ ನಾನು ಕಟ್ಟುನಿಟ್ಟಾಗಿದ್ದೆ. ಜಾತಿ, ಮನೆತನ ನೋಡಿ ದೂರ ಇಡುವುದನ್ನು ಇದರ ಜೊತೆ ಬೆರೆಸಕೂಡದು. ತೋಟದ ಕೆಲಸಗಾರರ ಲೈನ್ ಮನೆಯ ಹುಡುಗ ಕೈ ಹಿಡಿದು ಓಡೋಣ ಅಂದರೆ ಹಿಡಿಯಲಿ. ಸ್ವಂತ ಅಕ್ಕನೇ ಬೇಡ ಅಂದರೆ ಬಿಡಲಿ.

ಟೀಚರ್ ಈ ಆಟವನ್ನು ಇಡೀ ಕ್ಲಾಸಿಗೆ ಆಡಿಸಲು ಒಪ್ಪಿದರು. ತಳ್ಳಿದ ಹುಡುಗಿಯೂ "ಸ್ವಲ್ಪ ಆಚೆ ಕೂತ್ಕೋ" ಅಂತ ಬಾಯಿಬಿಟ್ಟು ಹೇಳಲು ಕಲಿಯುತ್ತಿದ್ದಾಳೆ. ಖುಷಿ ಜಾಸ್ತಿಯಾದರೆ ಚಿನ್ನು ಈಗಲೂ ಮೈಮೇಲೆ ಬೀಳುತ್ತಾನೆ, ಆದರೆ ಹೇಳಿದರೆ ಸರಿಯುತ್ತಾನೆ. ಮಾವನಿಗೆ ಇನ್ನೂ ಸಿಟ್ಟಿದೆ. ಅವರ ಹತ್ತಿರ ಮಾತಾಡುವ ಜವಾಬ್ದಾರಿಯನ್ನು ಅಪ್ಪ ತಾವೇ ತಗೊಂಡಿದ್ದಾರೆ.