ಕಳ್ಳು ಕುಡಿದ ದಿನ ಮಾತ್ರೆ ಬಿಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನರಿಗೆ 54 ವರ್ಷ. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಹೃದಯಕ್ಕೆ ಲೋಹದ ವಾಲ್ವ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ದಿನಾ ಸಂಜೆ ಅಸಿಟ್ರೋಮ್ ಮಾತ್ರೆ ಇದೆ. ಬ್ರಾಂದಿ ಬಿಟ್ಟರು, ಕಳ್ಳು ಬಿಟ್ಟಿಲ್ಲ. ಮರದಿಂದ ಇಳಿಸಿದ್ದು ಮದ್ಯ ಅಲ್ಲವಂತೆ. ಕೋಲ, ಮದುವೆ ಅಂತ ಹೋಗಿ ಕುಡಿದ ದಿನ ಮಾತ್ರೆ ನುಂಗುವುದಿಲ್ಲ. ಎರಡೂ ಸೇರಬಾರದು ಅನ್ನುತ್ತಾರೆ. ರಕ್ತ ಪರೀಕ್ಷೆಯಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಒಮ್ಮೆ 1.6 ಬಂತು, ಮೊನ್ನೆ 4.8. ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮೊದಲು ಆ 4.8ರ ವಿಷಯ. ಐಎನ್‌ಆರ್ ಜಾಸ್ತಿ ಏರಿದರೆ ರಕ್ತಸ್ರಾವದ ಭಯ, ಜಾಸ್ತಿ ಇಳಿದರೆ ಹೆಪ್ಪು ಕಟ್ಟುವ ಭಯ. ವೈದ್ಯರಿಗೆ ಇನ್ನೂ ತಿಳಿಸಿಲ್ಲವಾದರೆ ಇವತ್ತೇ ಫೋನ್ ಮಾಡಿ. ಮಾತ್ರೆ ಎಷ್ಟು ಕಡಿಮೆ ಮಾಡಬೇಕು, ಮತ್ತೆ ಯಾವಾಗ ರಕ್ತ ಪರೀಕ್ಷೆ ಎಂದು ಅವರೇ ಹೇಳಬೇಕು. ನೀವಾಗಿ ತುಂಡು ಮಾಡಿ ಕೊಡಬೇಡಿ.

ಎರಡೂ ಸೇರಬಾರದು ಎಂಬುದು ಸರಿಯೇ. ಆದರೆ ಯಜಮಾನರು ಬಿಟ್ಟದ್ದು ಯಾವುದನ್ನು ನೋಡಿ! ಲೋಹದ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಲು ನೋಡುತ್ತಿರುತ್ತದೆ. ಹೆಪ್ಪು ಕಟ್ಟಿದರೆ ವಾಲ್ವ್ ಸಿಕ್ಕಿಹಾಕಿಕೊಳ್ಳಬಹುದು. ಚೂರು ಮೆದುಳಿಗೆ ಹೋದರೆ ಪಾರ್ಶ್ವವಾಯು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ತಯಾರಿಸಿದ ವಾಲ್ವನ್ನು 1990ರಲ್ಲಿ ಮೊದಲ ಬಾರಿ ರೋಗಿಗೆ ಹಾಕಿದರು. ಅದಿರಲಿ, ಹೊರದೇಶದ್ದಿರಲಿ, ಇಂಥ ವಾಲ್ವ್ ಇದ್ದವರಿಗೆ ಈ ಮಾತ್ರೆ ಜೀವನಪೂರ್ತಿ. ಅಸಿಟ್ರೋಮ್ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದೂ ಇಲ್ಲ. 8ರಿಂದ 11 ಗಂಟೆಯೊಳಗೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಒಂದು ಸಂಜೆ ತಪ್ಪಿದರೂ ಲೆಕ್ಕಕ್ಕೆ ಬರುತ್ತದೆ. ತಪ್ಪಿತು ಅಂತ ಮರುದಿನ ಎರಡು ನುಂಗುವುದೂ ಬೇಡ.

ಇನ್ನು ಕಳ್ಳು. ನನ್ನ ಕ್ಲಿನಿಕ್ಕಿಗೆ ಬರುವ ಗಂಡಸರಲ್ಲಿ ‘ಕುಡಿಯುತ್ತೀರಾ?’ ಅಂದರೆ ‘ಇಲ್ಲ ಡಾಕ್ಟ್ರೇ’. ‘ಕಳ್ಳು?’ ಅಂದರೆ ‘ಅದು... ಸ್ವಲ್ಪ’. ನಗು ಬರುತ್ತದೆ, ಆದರೆ ಐಎನ್‌ಆರ್ ಹೀಗೆ ಏರಿಳಿಯುವಾಗ ನನಗೆ ಬೇಕಾದ ಉತ್ತರ ಅದೇ. ಬೆಳಿಗ್ಗೆ ಇಳಿಸಿದ ಸಿಹಿ ಕಳ್ಳು ಹೊತ್ತು ಏರಿದ ಹಾಗೆ ಹುಳಿಯುತ್ತದೆ. ಹುಳಿದಷ್ಟೂ ಆಲ್ಕೋಹಾಲ್. ಬ್ರಾಂದಿಯಲ್ಲಿರುವುದೂ ಅದೇ, ಇಲ್ಲಿ ತೆಳ್ಳಗಿದೆ ಅಷ್ಟೆ. ಕುಪ್ಪಿಗಟ್ಟಲೆ ಕುಡಿದರೆ ಲೆಕ್ಕ ಸರಿಹೋಗುತ್ತದೆ!

ಒಂದೇ ಸಲ ಜಾಸ್ತಿ ಕುಡಿದರೆ ಲಿವರ್ ಮಾತ್ರೆಯನ್ನು ಕರಗಿಸುವುದು ನಿಧಾನವಾಗಿ ಐಎನ್‌ಆರ್ ಏರುತ್ತದೆ. ದಿನಾ ವಿಪರೀತ ಕುಡಿಯುವವರಲ್ಲಿ ಉಲ್ಟಾ, ಲಿವರ್ ಮಾತ್ರೆಯನ್ನು ಬೇಗ ಮುಗಿಸಿ ಐಎನ್‌ಆರ್ ಇಳಿಯಬಹುದು. ಲಿವರೇ ಕೆಟ್ಟರೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ಕಡಿಮೆ, ಪ್ಲೇಟ್ಲೆಟ್ಟೂ ಕಡಿಮೆ. ಮಾತ್ರೆ ಬಿಟ್ಟದ್ದಕ್ಕೆ 1.6 ಬಂದಿರಬಹುದು, ಕುಡಿದದ್ದಕ್ಕೆ 4.8. ಲೋಹದ ವಾಲ್ವಿಗೆ ಸಾಮಾನ್ಯವಾಗಿ 2ರಿಂದ 3, ಕೆಲವರಿಗೆ 2.5ರಿಂದ 3.5 ಇರಬೇಕು. ನಿಮ್ಮವರಿಗೆ ಎಷ್ಟು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ.

ಮರುದಿನದ ತಲೆನೋವು, ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಅಪಾಯ ಇದರಿಂದ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ವಾಸಿ, ಅದೂ ದಿನಗಟ್ಟಲೆ ನುಂಗಿದರೆ ಐಎನ್‌ಆರ್ ಏರಿಸುತ್ತದೆ. ಮೆಟ್ರೊನಿಡಜೋಲ್‌ನಂಥ ಆಂಟಿಬಯಾಟಿಕ್ ಬರೆಯುವ ವೈದ್ಯರಿಗೆ ಈ ಮಾತ್ರೆಯ ವಿಷಯ ಮೊದಲೇ ಹೇಳಿ.

ಮಲ ಡಾಂಬರಿನ ಹಾಗೆ ಕಪ್ಪಗಾದರೆ, ಮೂತ್ರ ಕೆಂಪಾದರೆ, ಒಸಡಿನ ರಕ್ತ ನಿಲ್ಲದಿದ್ದರೆ, ಮಾತು ತೊದಲಿದರೆ ಬೆಳಗಾಗಲಿ ಅಂತ ಕಾಯಬೇಡಿ. ಮಳೆಗಾಲದಲ್ಲಿ ತೋಟದ ಸಂಕದಲ್ಲಿ ಜಾರಿ ತಲೆಗೆ ಪೆಟ್ಟಾದರೆ, ‘ಏನೂ ಆಗಿಲ್ಲ’ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಲೆಯ ಸ್ಕ್ಯಾನ್ ಬೇಕಾಗಬಹುದು. ಕುಡಿದಿದ್ದರಂತೂ ತೊದಲುವುದು ಕಳ್ಳಿನಿಂದಲೋ ಪೆಟ್ಟಿನಿಂದಲೋ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮ ಅಮ್ಮನೂ ಅಸಿಟ್ರೋಮ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಬಸಳೆ, ಪತ್ರೊಡೆ ಬಿಡಬೇಕಾ? ದಶಮೂಲಾರಿಷ್ಟ ಕುಡಿಯಬಹುದಾ?
– ಓದುಗರೊಬ್ಬರು, ಕುಂಬಳೆ

ಉತ್ತರ: ಬಸಳೆ ಬಿಡಬೇಕಾಗಿಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಬಲ ಕುಗ್ಗಿಸುತ್ತದೆ, ನಿಜ. ಆದರೆ ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿಂದರೆ ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸಬಹುದು. ತೊಂದರೆ ಆಗುವುದು ಆಟಿ ತಿಂಗಳಲ್ಲಿ. ಅಲ್ಲಿವರೆಗೆ ಸೊಪ್ಪೇ ಮುಟ್ಟದೆ, ಆಮೇಲೆ ವಾರವಿಡೀ ಪತ್ರೊಡೆ ತಿಂದರೆ ಐಎನ್‌ಆರ್ ಇಳಿಯುತ್ತದೆ.

ಅರಿಷ್ಟ ಹುದುಗಿಸಿ ಮಾಡುವ ಮದ್ದು. ಅದರಲ್ಲೂ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ, ಬಾಟಲಿಯ ಚೀಟಿಯಲ್ಲಿ ಬರೆದಿರುತ್ತಾರೆ. ಜೊತೆಗೆ ಅದರ ಬೇರುನಾರುಗಳು ಈ ಮಾತ್ರೆಯೊಡನೆ ಹೇಗೆ ವರ್ತಿಸುತ್ತವೋ! ಅಮ್ಮನ ವೈದ್ಯರಿಗೆ ಬಾಟಲಿಯನ್ನೇ ಒಯ್ದು ತೋರಿಸಿ. ಅಲ್ಲಿವರೆಗೆ ಬೇಡ.